ಬಹಳ ಓಡಿದ ಕಾರಿನ ಬಾಕಿ ಕೆಲಸ: ಯಾವುದು ಮೊದಲು, ಯಾವುದು ನಂತರ

ಮಂಡ್ಯ ಜಿಲ್ಲೆಯ ದುದ್ದ ಹೋಬಳಿಯ ಹಳ್ಳಿಗಳಲ್ಲಿಯೂ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಊರುಗಳಲ್ಲಿಯೂ ಓಡಾಡುವ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಅನೇಕವು ಮತ್ತೊಬ್ಬರ ಕೈಯಲ್ಲಿ ಒಂದು ಲಕ್ಷ ಕಿಲೋಮೀಟರಿಗೂ ಮಿಕ್ಕಿ ಓಡಿ ಬಂದಂಥವು. ಬೆಂಗಳೂರಿನಲ್ಲಿ ಟ್ಯಾಕ್ಸಿಯಾಗಿ ದುಡಿದು ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಇಂಡಿಕಾ, ಡಿಜೈರ್, ಎಟಿಯೋಸ್‌ಗಳಾಗಲಿ, ಒಂದೇ ಮನೆಯಲ್ಲಿ ಹತ್ತು ಹನ್ನೆರಡು ವರ್ಷ ಇದ್ದು ಕೈಬದಲಾದ ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊಗಳಾಗಲಿ, ಇವುಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಒಂದು ಲಕ್ಷಣವಿದೆ: ಮಾರಲು ಮನಸ್ಸು ಮಾಡಿದ ಮಾಲೀಕರು ಕೊನೆಯ ದಿನಗಳಲ್ಲಿ ಕಾರಿಗೆ ಹಣ ಹಾಕುವುದನ್ನು ನಿಲ್ಲಿಸಿರುತ್ತಾರೆ. ಹೀಗಾಗಿ ಕೊಂಡವರ ಹೆಸರಿಗೆ ಕಾರಿನ ಜೊತೆಗೆ, ಮಾಡದೆ ಬಿಟ್ಟ ಕೆಲಸಗಳ ಬಾಕಿಯೂ ವರ್ಗಾವಣೆಯಾಗುತ್ತದೆ.

ಈ ಬಾಕಿಯನ್ನು ಒಂದೇ ಸಲಕ್ಕೆ ತೀರಿಸುವಷ್ಟು ಹಣ ಬಹುತೇಕ ಕುಟುಂಬಗಳಲ್ಲಿ ಇರುವುದಿಲ್ಲ. ಕಬ್ಬಿನ ಬಿಲ್ಲು ಬಂದ ಮೇಲೆ ನೋಡಿದರಾಯಿತು ಎಂದು ಮುಂದೂಡುವುದು ಈ ಸೀಮೆಯಲ್ಲಿ ಸಹಜ. ಆದ್ದರಿಂದ ಎಲ್ಲವನ್ನೂ ಮಾಡಿಸುವುದು ಹೇಗೆ ಎಂಬುದಕ್ಕಿಂತ, ಇರುವ ಹಣದಲ್ಲಿ ಯಾವುದನ್ನು ಮೊದಲು ಮಾಡಿಸಬೇಕು ಎಂಬ ಪ್ರಶ್ನೆಯೇ ಮುಖ್ಯವಾದುದು. ಕೆಲಸದ ಕ್ರಮವನ್ನು ಕಾರು ಮಾಡುವ ಸದ್ದು ತೀರ್ಮಾನಿಸಬಾರದು, ಕೆಟ್ಟರೆ ಆಗುವ ಪರಿಣಾಮ ತೀರ್ಮಾನಿಸಬೇಕು. ಜೀವಕ್ಕೆ ಅಪಾಯ ತರುವ ಭಾಗ ಮೊದಲನೆಯದು, ಇಂಜಿನ್ನನ್ನೇ ಹಾಳುಮಾಡುವ ಭಾಗ ಎರಡನೆಯದು, ನಡುದಾರಿಯಲ್ಲಿ ಕೈಕೊಡುವ ಭಾಗ ಮೂರನೆಯದು. ಬಣ್ಣ, ಸೀಟ್ ಕವರ್, ಮ್ಯೂಸಿಕ್ ಸಿಸ್ಟಂ ಮೊದಲಾದವುಗಳ ಸರದಿ ಇವೆಲ್ಲ ಮುಗಿದ ಮೇಲೆ.

ಈ ಸೀಮೆಯ ರಸ್ತೆ ಕಾರಿನಿಂದ ಏನನ್ನು ಕೇಳುತ್ತದೆ

ಕಾರಿನ ಜೊತೆ ಬರುವ ಮಾಲೀಕರ ಕೈಪಿಡಿಯಲ್ಲಿ ಪ್ರತಿಯೊಂದು ಕೆಲಸಕ್ಕೂ ಎರಡು ಗಡುವುಗಳಿರುತ್ತವೆ: ಒಂದು ಓಡಿದ ಕಿಲೋಮೀಟರಿನದು, ಇನ್ನೊಂದು ಕಳೆದ ತಿಂಗಳುಗಳದು, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅದನ್ನೇ ಪಾಲಿಸಬೇಕು. ಎಣ್ಣೆ, ರಬ್ಬರು, ಬ್ರೇಕ್ ಆಯಿಲ್‌ಗಳು ಕಾರು ನಿಂತಿದ್ದರೂ ಮುಪ್ಪಾಗುವುದರಿಂದ, ಹೆಚ್ಚು ಓಡಿಸಿಲ್ಲ ಎಂಬ ಕಾರಣಕ್ಕೆ ಸರ್ವಿಸ್ ಮಾಡಿಸದಿರುವುದು ತಪ್ಪು ಲೆಕ್ಕ. ಇದೇ ಕೈಪಿಡಿಯ ಇನ್ನೊಂದು ಪುಟದಲ್ಲಿ ಕಠಿಣ ಬಳಕೆಯ ಪಟ್ಟಿ ಇರುತ್ತದೆ. ಧೂಳಿನ ರಸ್ತೆ, ಪದೇ ಪದೇ ಸಣ್ಣ ದೂರದ ಓಡಾಟ, ಹೆಚ್ಚು ಭಾರ, ಬಿಸಿ ವಾತಾವರಣ ಇವುಗಳಲ್ಲಿ ಓಡುವ ಕಾರಿಗೆ ಗಡುವುಗಳು ಇನ್ನೂ ಬೇಗ ಬರುತ್ತವೆ ಎಂಬುದು ಆ ಪಟ್ಟಿಯ ಅರ್ಥ.

ದುದ್ದದ ಸುತ್ತಲಿನ ಓಡಾಟ ಈ ಪಟ್ಟಿಗೆ ಬಹುಮಟ್ಟಿಗೆ ಹೊಂದುತ್ತದೆ. ಮಂಡ್ಯದ ಮೈಷುಗರ್, ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿ ಮತ್ತು ಕೊಪ್ಪದ ಕಾರ್ಖಾನೆಗಳು ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರ್, ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಧೂಳು ಕುಡಿಯುತ್ತ ಸಾಗುವುದು, ಊರೂರಿಗೂ ಇರುವ ಹಂಪ್‌ಗಳನ್ನು ತುಂಬಿದ ಕಾರಿನಲ್ಲಿ ದಾಟುವುದು, ಗದ್ದೆ ಬಯಲಿನ ಮಣ್ಣುದಾರಿಯಲ್ಲಿ ತೋಟಕ್ಕೆ ಹೋಗಿಬರುವುದು, ಇವೆಲ್ಲ ಕಠಿಣ ಬಳಕೆಯೇ. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ಒಕ್ಕಣೆಗಾಗಿ ರಸ್ತೆಯ ಮೇಲೆ ಹರಡಿದಾಗ ಅದರ ಹುಲ್ಲು, ಬಳ್ಳಿಗಳು ಕಾರಿನ ಅಡಿಯಲ್ಲಿ ಆಕ್ಸೆಲ್‌ಗೆ ಸುತ್ತಿಕೊಂಡು ರಬ್ಬರ್ ಬೂಟುಗಳನ್ನು ಹರಿಯುತ್ತವೆ. ಕಾದ ಸೈಲೆನ್ಸರ್‌ಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ.

ಇದೇ ಕಾರು ಮರುದಿನ ಬೆಂಗಳೂರು–ಮೈಸೂರು ಹೆದ್ದಾರಿಗೆ ಏರುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಸುಮಾರು 118 ಕಿ.ಮೀ. ಉದ್ದದ ಈ ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿಯನ್ನು ಗಂಟೆಗೆ 100 ಕಿ.ಮೀ.ಗೆ ನಿಗದಿಪಡಿಸಲಾಗಿದೆ. ಊರಿನ ದಾರಿಯಲ್ಲಿ 40ರ ವೇಗದಲ್ಲಿ ಸುಮ್ಮನಿದ್ದ ಸವೆದ ಟೈರು, ಹಳಸಿದ ಕೂಲಂಟ್, ಸಡಿಲಾದ ಬಾಲ್ ಜಾಯಿಂಟ್‌ಗಳ ದೋಷ ಹೊರಬೀಳುವುದು ನಿರಂತರವಾಗಿ ಈ ವೇಗದಲ್ಲಿ ಓಡಿದಾಗ. ಮೇಲುಕೋಟೆಯ ಏರು, ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಇಳಿಜಾರುಗಳು ಕ್ಲಚ್ಚು ಮತ್ತು ಬ್ರೇಕುಗಳನ್ನು ಹೀಗೆಯೇ ಪರೀಕ್ಷಿಸುತ್ತವೆ.

ಹಣ ಹಾಕುವ ಮುನ್ನ: ತಪಾಸಣೆ ಮತ್ತು ದಾಖಲೆ

ಯಾವುದೇ ಭಾಗವನ್ನು ಬದಲಿಸುವ ಮೊದಲು ಅರ್ಧ ದಿನವನ್ನು ತಪಾಸಣೆಗೆ ಮೀಸಲಿಡಬೇಕು. ಒಂದು ನೋಟ್‌ಬುಕ್ಕಿನಲ್ಲಿ ಓಡೋಮೀಟರ್, ಅಂದರೆ ಒಟ್ಟು ಓಡಿದ ದೂರ ತೋರಿಸುವ ಮೀಟರಿನ ಅಂಕಿಯನ್ನು ದಿನಾಂಕದೊಡನೆ ಬರೆದುಕೊಂಡು, ಹಿಂದಿನ ಮಾಲೀಕರು ಕೊಟ್ಟ ಬಿಲ್ಲುಗಳಿದ್ದರೆ ಅವುಗಳಲ್ಲಿರುವ ಕೆಲಸಗಳನ್ನು ಅದೇ ಪುಸ್ತಕಕ್ಕೆ ಇಳಿಸಬೇಕು. ಕಾರು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಗಳಿಗೆ ಹೋಗಿದ್ದರೆ ನೋಂದಣಿ ಸಂಖ್ಯೆಯ ಮೂಲಕ ಹಳೆಯ ದಾಖಲೆ ದೊರೆಯುವ ಸಾಧ್ಯತೆಯಿದ್ದು, ಮೀಟರನ್ನು ಹಿಂದಕ್ಕೆ ತಿರುಗಿಸಲಾಗಿದೆಯೇ ಎಂಬುದೂ ಆ ದಾಖಲೆಯಿಂದ ಗೊತ್ತಾಗುತ್ತದೆ. ದಾಖಲೆಯಿಲ್ಲದ ಕೆಲಸ ಆಗಿಲ್ಲವೆಂದೇ ಎಣಿಸಬೇಕೆಂಬುದು ಇಲ್ಲಿ ಪಾಲಿಸಬೇಕಾದ ಮೊದಲ ನಿಯಮ. ಮಾರಿದವರ ಮಾತು ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಬಿಲ್ಲಿಗೆ ಬದಲಿಯಾಗಲಾರದು.

ಇಂಜಿನ್ ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ, ಸಮತಟ್ಟಾದ ಜಾಗದಲ್ಲಿ ಕಾರನ್ನು ನಿಲ್ಲಿಸಿ ಪರೀಕ್ಷೆ ಆರಂಭಿಸುವುದು ಸರಿಯಾದ ಕ್ರಮ. ಮೊದಲಿಗೆ ಡಿಪ್‌ಸ್ಟಿಕ್, ಅಂದರೆ ಇಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಳಕ್ಕೆ ಇಳಿಸಿ, ಮತ್ತೆ ಎಳೆದು ನೋಡಬೇಕು. ಎಣ್ಣೆಯ ಅಂಚು ಕಡ್ಡಿಯ ಮೇಲಿನ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿನ ಗುರುತಿಗಿಂತ ಕಡಿಮೆಯಿದ್ದರೆ ಇಂಜಿನ್ ಎಣ್ಣೆಯನ್ನು ಸುಡುತ್ತಿದೆ ಅಥವಾ ಸೋರಿಸುತ್ತಿದೆ. ಡೀಸೆಲ್ ಇಂಜಿನ್ನಿನಲ್ಲಿ ಎಣ್ಣೆ ಕಪ್ಪಾಗಿರುವುದು ತಾನೇ ದೋಷವಲ್ಲ. ಬೆರಳುಗಳ ನಡುವೆ ತಿಕ್ಕಿದಾಗ ಮರಳಿನಂತೆ ಒರಟಾಗಿ ತಾಕಿದರೆ ಅಥವಾ ಡೀಸೆಲ್ಲಿನ ವಾಸನೆ ಹೊಡೆದರೆ ಚಿಂತಿಸಬೇಕು. ಬಳಿಕ ಎಣ್ಣೆ ಸುರಿಯುವ ಮುಚ್ಚಳವನ್ನು ತೆಗೆದು ಅದರ ಒಳಮೈ ನೋಡಬೇಕು. ಅಲ್ಲಿ ಗಟ್ಟಿ ಕಪ್ಪು ಜಿಡ್ಡು ಕೂತಿದ್ದರೆ ಆಯಿಲ್ ಬದಲಾವಣೆಗಳು ತಪ್ಪಿಹೋಗಿವೆ ಎಂದರ್ಥ; ಮಜ್ಜಿಗೆಯಂತೆ ಬಿಳಿಚಿಕೊಂಡ ನೊರೆ ಹೆಚ್ಚಾಗಿ ಕಂಡರೆ ಎಣ್ಣೆಗೆ ನೀರು ಸೇರುತ್ತಿರುವ, ಅಂದರೆ ಇಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಕೆಟ್ಟಿರುವ ಸೂಚನೆಯಿರಬಹುದು.

ಆನಂತರ ಕೀ ತಿರುಗಿಸಿ, ಸೆಲ್ಫ್ ಹೊಡೆಯುವ ಮುನ್ನ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳನ್ನು ಗಮನಿಸಬೇಕು. ಆಯಿಲ್, ಬ್ಯಾಟರಿ, ಇಂಜಿನ್ ಚೆಕ್ ದೀಪಗಳೂ, ಕಾರಿನಲ್ಲಿದ್ದರೆ ಎಬಿಎಸ್ ಮತ್ತು ಏರ್‌ಬ್ಯಾಗ್ ದೀಪಗಳೂ ಒಮ್ಮೆ ಹೊತ್ತಿಕೊಂಡು, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಿರಬೇಕು. ಯಾವುದಾದರೂ ದೀಪ ಹೊತ್ತಿಕೊಳ್ಳದೇ ಇದ್ದರೆ ದೋಷ ಮುಚ್ಚಿಡಲು ಅದನ್ನು ತಪ್ಪಿಸಿರುವ ಸಾಧ್ಯತೆಯಿದೆ. ಸ್ಟಾರ್ಟ್ ಆದ ಮೇಲೆ ಬರುವ ಹೊಗೆಯ ಬಣ್ಣವೂ ಮಾಹಿತಿ ಕೊಡುತ್ತದೆ. ನೀಲಿ ಹೊಗೆ ಎಣ್ಣೆ ಸುಡುವುದನ್ನು, ದಟ್ಟ ಕಪ್ಪು ಹೊಗೆ ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಾಗಿರುವುದನ್ನು, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಕೂಲಂಟ್ ಉರಿಯುತ್ತಿರುವುದನ್ನು ಅಥವಾ ಡೀಸೆಲ್ ಕಾರಿನಲ್ಲಿ ಇಂಜೆಕ್ಟರ್ ದೋಷವನ್ನು ಸೂಚಿಸುತ್ತದೆ. ಕೊನೆಯದಾಗಿ ಗ್ಯಾರೇಜಿನ ಲಿಫ್ಟ್ ಮೇಲೆ ಕಾರನ್ನು ಏರಿಸಿ ಅಡಿಭಾಗವನ್ನು ನೋಡಿಸಿ, ಸ್ಕ್ಯಾನರ್ ಹಾಕಿಸಿ ಕಂಪ್ಯೂಟರಿನಲ್ಲಿ ಉಳಿದಿರುವ ದೋಷ ಸಂಕೇತಗಳನ್ನು ಬರೆಸಿಕೊಳ್ಳಬೇಕು. ಈ ಪಟ್ಟಿ ಕೈಗೆ ಬಂದ ಮೇಲೆಯೇ ಖರ್ಚಿನ ಮಾತು.

ಮೊದಲ ಹಂತ: ನಿಲ್ಲಿಸುವ ಮತ್ತು ತಿರುಗಿಸುವ ಭಾಗಗಳು

ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಅಂಚಿನಲ್ಲಿಯೇ ಈ ಜಿಲ್ಲೆಯ ಎಷ್ಟೋ ರಸ್ತೆಗಳು ಸಾಗುತ್ತವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ಈ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ಆ ಬಳಿಕವೂ ಕಾರುಗಳು ನಾಲೆಗೆ ಬಿದ್ದ ದುರಂತಗಳು ನಡೆದಿವೆ. ತಡೆಗೋಡೆ ಕಟ್ಟಿಸುವುದು ಸರ್ಕಾರದ ಹೊಣೆ. ಆದರೆ ಇಂಥ ರಸ್ತೆಯಲ್ಲಿ ಕಾರು ಹೇಳಿದ ಕಡೆ ನಿಲ್ಲುವಂತೆ, ತಿರುಗಿಸಿದ ಕಡೆ ತಿರುಗುವಂತೆ ಇಟ್ಟುಕೊಳ್ಳುವುದು ಮಾಲೀಕರ ಕೈಯಲ್ಲಿದೆ. ಹಣ ಎಷ್ಟೇ ಕಡಿಮೆಯಿದ್ದರೂ ಈ ಹಂತವನ್ನು ಮುಂದೂಡಬಾರದು.

ಬಹುತೇಕ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕೂ ಹಿಂದಿನವಕ್ಕೆ ಡ್ರಮ್ ಬ್ರೇಕೂ ಇರುತ್ತವೆ. ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಬ್ರೇಕ್ ಪ್ಯಾಡಿನ ಸವೆಯುವ ಪದರ 3 ಮಿ.ಮೀ.ಗಿಂತ ತೆಳುವಾಗಿದ್ದರೆ ಎರಡೂ ಬದಿಯ ಪ್ಯಾಡುಗಳನ್ನು ಒಟ್ಟಿಗೆ ಬದಲಿಸಬೇಕು. ಒಂದೇ ಬದಿಗೆ ಹೊಸದು ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ. ಹಿಂದಿನ ಡ್ರಮ್ಮನ್ನು ಬಿಚ್ಚಿಸಿ ನೋಡುವ ಪದ್ಧತಿ ಹಳೆಯ ಕಾರುಗಳಲ್ಲಿ ತಪ್ಪಿಹೋಗಿರುತ್ತದೆ. ಅಲ್ಲಿ ಬ್ರೇಕ್ ಶೂಗಳ ಸವೆತದ ಜೊತೆಗೆ ವೀಲ್ ಸಿಲಿಂಡರ್ ಎಂಬ ಪುಟ್ಟ ಭಾಗದ ಸುತ್ತ ಒದ್ದೆ ಇದೆಯೇ ಎಂದು ನೋಡಬೇಕು, ಏಕೆಂದರೆ ಅಲ್ಲಿನ ಸೋರಿಕೆ ಹೊರಗೆ ಕಾಣಿಸುವ ಹೊತ್ತಿಗೆ ಬ್ರೇಕಿನ ಶಕ್ತಿ ಕುಗ್ಗಿರುತ್ತದೆ. ಚಕ್ರಗಳ ಬಳಿಯ ರಬ್ಬರ್ ಹೋಸುಗಳು ಬಿರುಕು ಬಿಟ್ಟಿದ್ದರೆ ಅವನ್ನೂ ಇದೇ ಸಲ ಬದಲಿಸುವುದು ಒಳ್ಳೆಯದು.

ಬ್ರೇಕ್ ಆಯಿಲ್ ಈ ಹಂತದಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಡುವ ವಸ್ತು. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್-4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕೆಂಬುದು ಮಾನದಂಡ. ತೇವ ಹೀರಿದ ಸ್ಥಿತಿಯಲ್ಲಿ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದಾಗ ಹಳೆಯ ದ್ರವ ಕುದಿದು ಆವಿಯ ಗುಳ್ಳೆಗಳಾಗಿ, ಪೆಡಲು ತಳಕ್ಕಿಳಿದರೂ ಕಾರು ನಿಲ್ಲದ ಸ್ಥಿತಿ ಬರುವುದು ಹೀಗೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ದ್ರವವನ್ನು, ದಾಖಲೆಯಿಲ್ಲದ ಕಾರಿನಲ್ಲಿ ಕೂಡಲೇ ಪೂರ್ತಿ ತೆಗೆದು, ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ನಮೂದಾಗಿರುವ ದರ್ಜೆಯದನ್ನೇ ಹಾಕಿಸಿ, ನಾಲ್ಕೂ ಚಕ್ರಗಳ ಬ್ರೇಕ್ ಕೊಳವೆಗಳಿಂದ ಗಾಳಿ ತೆಗೆಸಬೇಕು.

ಟೈರಿನ ಬಗ್ಗೆ ಎರಡು ವಿಷಯಗಳನ್ನು ನೋಡಬೇಕು. ಮೊದಲನೆಯದು ಗೀರುಗಳ ಆಳ: ಗೀರಿನ ತಳದಲ್ಲಿರುವ ಸವೆತ ಸೂಚಕದ ಸಣ್ಣ ದಿಬ್ಬ ಟೈರಿನ ಮೇಲ್ಮೈಗೆ ಸಮನಾದರೆ, ಅಂದರೆ ಆಳ 1.6 ಮಿ.ಮೀ.ಗೆ ಇಳಿದರೆ, ಆ ಟೈರು ರಸ್ತೆಗೆ ಯೋಗ್ಯವಲ್ಲ. ಎರಡನೆಯದು ವಯಸ್ಸು: ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಮುದ್ರೆಯಿರುತ್ತದೆ, ಅದು 2319 ಎಂದಿದ್ದರೆ 2019ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು ಎಂದು ಓದಬೇಕು. ಗೀರು ಚೆನ್ನಾಗಿದ್ದರೂ ಐದಾರು ವರ್ಷ ದಾಟಿದ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುವುದರಿಂದ, ಬದಿಗಳಲ್ಲಿ ಬಿರುಕು ಕಂಡರೆ ಹೆದ್ದಾರಿಗೆ ಇಳಿಸಬಾರದು. ಸ್ಟೆಪ್ನಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಗಾಳಿಯ ಒತ್ತಡ ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಅಥವಾ ಕೈಪಿಡಿಯಲ್ಲಿ ಇರುತ್ತದೆ.

ಸ್ಟಿಯರಿಂಗಿನಲ್ಲಿ ಟೈ ರಾಡ್ ಎಂಡ್ ಮತ್ತು ಲೋಯರ್ ಆರ್ಮಿನ ಬಾಲ್ ಜಾಯಿಂಟ್‌ಗಳು ಪ್ರಾಣಕ್ಕೆ ಸಂಬಂಧಿಸಿದವು. ಇವು ಕಳಚಿದರೆ ಚಕ್ರ ಚಾಲಕನ ಹಿಡಿತದಲ್ಲಿ ಉಳಿಯುವುದಿಲ್ಲ. ಜಾಕ್ ಹಾಕಿ ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು, ನಂತರ ಎಡ ಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಆಟ ಕಂಡುಬಂದರೆ ಅವನ್ನೂ ವೀಲ್ ಬೇರಿಂಗನ್ನೂ ಪರೀಕ್ಷಿಸಬೇಕು. ಈ ಭಾಗಗಳನ್ನು ಬದಲಿಸಿದ ಮೇಲೆಯೇ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು; ಮೊದಲೇ ಮಾಡಿಸಿದರೆ ಆ ಹಣ ವ್ಯರ್ಥ.

ಎರಡನೆಯ ಹಂತ: ಇಂಜಿನ್ನನ್ನು ಉಳಿಸುವ ಕೆಲಸಗಳು

ಇಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರುಗಳನ್ನು ಕಾರು ಕೊಂಡ ವಾರದಲ್ಲಿಯೇ ಬದಲಿಸಬೇಕು. ಡಬ್ಬಿಯ ಮೇಲಿನ 5ಡಬ್ಲ್ಯೂ-30 ಮೊದಲಾದ ಸಂಖ್ಯೆಗಳಲ್ಲಿ ಮೊದಲ ಭಾಗ ತಣ್ಣಗಿರುವಾಗಿನ, ಎರಡನೆಯ ಭಾಗ ಬಿಸಿಯಾದಾಗಿನ ಎಣ್ಣೆಯ ಮಂದತೆಯನ್ನು ಸೂಚಿಸುತ್ತದೆ. ಹಳೆಯ ಇಂಜಿನ್ ಎಂಬ ಕಾರಣಕ್ಕೆ ತುಂಬ ಮಂದವಾದ ಎಣ್ಣೆ ಹಾಕುವ ರೂಢಿ ಕೆಲವು ಗ್ಯಾರೇಜುಗಳಲ್ಲಿದೆ. ಸದ್ದು ತಾತ್ಕಾಲಿಕವಾಗಿ ಕಡಿಮೆಯಾದರೂ, ಟರ್ಬೊ ಇರುವ ಡೀಸೆಲ್ ಕಾರುಗಳಲ್ಲಿ ಎಣ್ಣೆ ಕಿರಿದಾದ ಕೊಳವೆಗಳ ಮೂಲಕ ಬೇಗ ಮೇಲೇರದೆ ಟರ್ಬೊ ಬೇರಿಂಗುಗಳು ಸವೆಯುತ್ತವೆ. ಆದ್ದರಿಂದ ಕೈಪಿಡಿ ಅನುಮತಿಸುವ ದರ್ಜೆಗಳನ್ನು ಮೀರಬಾರದು. ಒಳಗೆ ಜಿಡ್ಡು ಕಟ್ಟಿರುವ ಇಂಜಿನ್ನಿಗೆ ತೀಕ್ಷ್ಣ ಫ್ಲಶ್ ರಾಸಾಯನಿಕ ಹಾಕಿದರೆ ಜಿಡ್ಡಿನ ತುಂಡುಗಳು ಕಳಚಿ ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚುವ ಅಪಾಯವಿರುವುದರಿಂದ, ಅದರ ಬದಲು ಮೊದಲ ಆಯಿಲನ್ನು ಒಂದೆರಡು ಸಾವಿರ ಕಿ.ಮೀ.ಗೇ ತೆಗೆದು ಹೊಸದು ಹಾಕುವುದು ಸುರಕ್ಷಿತ ಮಾರ್ಗ. ಮುಂದೆ, ಕೈಪಿಡಿ 10,000 ಕಿ.ಮೀ. ಅಥವಾ ಒಂದು ವರ್ಷ ಎಂದು ಹೇಳುವ ಕಡೆ ಈ ಸೀಮೆಯ ಧೂಳಿನ ಬಳಕೆಗೆ 5,000 ಕಿ.ಮೀ. ಎಂದು ಇಟ್ಟುಕೊಳ್ಳುವುದು ವಿವೇಕ.

ಟೈಮಿಂಗ್ ಬೆಲ್ಟ್ ಈ ಹಂತದ ಅತ್ಯಂತ ನಿರ್ಣಾಯಕ ಭಾಗ. ಇಂಜಿನ್ನಿನ ಕೆಳಗಿನ ಕ್ರ್ಯಾಂಕ್ ಶಾಫ್ಟಿಗೂ, ವಾಲ್ವುಗಳನ್ನು ತೆರೆದು ಮುಚ್ಚುವ ಮೇಲಿನ ಕ್ಯಾಮ್ ಶಾಫ್ಟಿಗೂ ತಾಳ ತಪ್ಪದಂತೆ ಸಂಬಂಧ ಕಲ್ಪಿಸುವ ಹಲ್ಲುಗಳುಳ್ಳ ರಬ್ಬರ್ ಪಟ್ಟಿ ಇದು. ಇದು ಹರಿದರೆ ಅನೇಕ ಇಂಜಿನ್ನುಗಳಲ್ಲಿ ಮೇಲೇರುವ ಪಿಸ್ಟನ್ನುಗಳು ತೆರೆದ ವಾಲ್ವುಗಳಿಗೆ ಬಡಿದು ವಾಲ್ವುಗಳು ಬಾಗುತ್ತವೆ, ಕೆಲವೊಮ್ಮೆ ಹೆಡ್ಡೇ ಹಾಳಾಗುತ್ತದೆ. ಬೆಲ್ಟಿನ ಬೆಲೆಯ ಹಲವು ಪಟ್ಟು ಖರ್ಚು ಬೀಳುವುದು ಆಗಲೇ. ಹರಿಯುವ ಮುನ್ನ ಅದು ಬಹುಮಟ್ಟಿಗೆ ಯಾವ ಸದ್ದನ್ನೂ ಮಾಡದಿರುವುದರಿಂದ ಗಡುವನ್ನಷ್ಟೇ ನಂಬಬೇಕು. ಇಂಡಿಕಾದ ಹಳೆಯ 1.4 ಡೀಸೆಲ್, ಸ್ಯಾಂಟ್ರೊ ಜಿಂಗ್, ಆಲ್ಟೊ 800, ಮೊದಲ ಪೀಳಿಗೆಯ ಇನ್ನೋವಾ ಡೀಸೆಲ್, ಡಸ್ಟರ್ ಡೀಸೆಲ್ ಇವು ಬೆಲ್ಟ್ ಇರುವ ಇಂಜಿನ್ನುಗಳು. ಬೆಲ್ಟನ್ನು ಯಾವಾಗ ಬದಲಿಸಲಾಯಿತೆಂಬುದಕ್ಕೆ ಬಿಲ್ಲು ಇಲ್ಲದಿದ್ದರೆ ಕಾಯದೆ ಬದಲಿಸಬೇಕು. ಜೊತೆಗೆ ಟೆನ್ಷನರ್, ಐಡ್ಲರ್ ಬೇರಿಂಗುಗಳನ್ನೂ, ಇದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಇದ್ದರೆ ಅದನ್ನೂ ಸೇರಿಸಿ ಬದಲಿಸಿದರೆ ಅದೇ ಬಿಚ್ಚುವ ಕೂಲಿಯನ್ನು ಎರಡನೇ ಸಲ ಕೊಡಬೇಕಾಗುವುದಿಲ್ಲ.

ಸ್ವಿಫ್ಟ್, ಡಿಜೈರ್‌ಗಳ 1.3 ಲೀಟರ್ ಡೀಸೆಲ್ ಇಂಜಿನ್, ಮಾರುತಿಯ ಕೆ-ಸರಣಿಯ ಪೆಟ್ರೋಲ್ ಇಂಜಿನ್ನುಗಳು, ಎಟಿಯೋಸ್‌ಗಳು ಬೆಲ್ಟಿನ ಬದಲು ಲೋಹದ ಟೈಮಿಂಗ್ ಚೈನನ್ನು ಹೊಂದಿವೆ. ಚೈನಿಗೆ ನಿಗದಿತ ಗಡುವು ಇಲ್ಲವೆಂಬ ಮಾತಿನಲ್ಲಿ ಅರ್ಧ ಸತ್ಯವಷ್ಟೇ ಇದೆ. ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಇಂಜಿನ್ ಆಯಿಲಿನ ಒತ್ತಡದಿಂದ ಕೆಲಸ ಮಾಡುವುದರಿಂದ, ಆಯಿಲ್ ಬದಲಿಸದೆ ಬಹಳ ಓಡಿದ ಕಾರಿನಲ್ಲಿ ಚೈನು ಸಡಿಲಗೊಂಡು ಬೆಳಗಿನ ಸ್ಟಾರ್ಟಿನಲ್ಲಿ ಕೆಲ ಕ್ಷಣ ಗಲಗಲ ಸದ್ದು ಮಾಡತೊಡಗುತ್ತದೆ. ಇಂಥ ಸದ್ದು ಕೇಳಿದ ಕಾರನ್ನು ದೂರ ಪ್ರಯಾಣಕ್ಕೆ ಒಯ್ಯುವ ಮುನ್ನ ಚೈನ್ ಪರೀಕ್ಷೆ ಅನಿವಾರ್ಯ.

ಮೂರನೆಯದು ಕೂಲಿಂಗ್ ವ್ಯವಸ್ಥೆ. ರೇಡಿಯೇಟರಿಗೆ ಬೋರ್‌ವೆಲ್ ನೀರು ತುಂಬುವ ಅಭ್ಯಾಸ ಹಳ್ಳಿಗಳಲ್ಲಿ ಹಳೆಯದು. ಆದರೆ ಗಡಸು ನೀರಿನ ಲವಣಗಳು ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಪದರ ಕಟ್ಟಿ ಶಾಖ ಹೊರಹೋಗದಂತೆ ತಡೆಯುತ್ತವೆ, ಬರಿ ನೀರಿನಿಂದ ಒಳಗಿನ ಲೋಹವೂ ತುಕ್ಕು ಹಿಡಿಯುತ್ತದೆ. ಕೂಲಂಟ್ ಎಂಬುದು ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕಗಳನ್ನು ಶುದ್ಧ ನೀರಿನಲ್ಲಿ ಬೆರೆಸಿದ ದ್ರವ. ಅದು ಕುದಿಬಿಂದುವನ್ನೂ ಏರಿಸುತ್ತದೆ. ಹಳೆಯ ನೀರನ್ನು ಪೂರ್ತಿ ತೆಗೆದು, ಡಿಸ್ಟಿಲ್ಡ್ ವಾಟರಿನಿಂದ ತೊಳೆದು, ಕಾರಿಗೆ ಹೇಳಿದ ಬಗೆಯ ಕೂಲಂಟನ್ನು ತುಂಬಿ, ಹೋಸುಗಳನ್ನೂ ಕ್ಯಾಪನ್ನೂ ಪರೀಕ್ಷಿಸಿ, ಫ್ಯಾನ್ ಸರಿಯಾದ ತಾಪಕ್ಕೆ ತಿರುಗುತ್ತದೆಯೇ ಎಂದು ನೋಡಬೇಕು. ಇಂಜಿನ್ ಬಿಸಿಯಾಗುತ್ತದೆ ಎಂಬ ದೂರಿಗೆ ಥರ್ಮೋಸ್ಟಾಟನ್ನೇ ತೆಗೆದು ಎಸೆಯುವ ರೂಢಿ ಸರಿಯಲ್ಲ. ಇಂಜಿನ್ ಸರಿಯಾದ ತಾಪ ಮುಟ್ಟುವ ತನಕ ಕೂಲಂಟಿನ ಹರಿವನ್ನು ತಡೆದಿಡುವ ಈ ವಾಲ್ವು ಇಲ್ಲದಿದ್ದರೆ ಇಂಜಿನ್ ಸದಾ ತಣ್ಣಗೆ ಓಡಿ, ಮೈಲೇಜ್ ಇಳಿದು, ಸವೆತ ಹೆಚ್ಚುತ್ತದೆ. ಮೂಲ ದೋಷವೂ ಹಾಗೆಯೇ ಉಳಿಯುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ ಎಂಬ ಎಚ್ಚರವನ್ನು ಮನೆಯಲ್ಲಿ ಕಾರು ಮುಟ್ಟುವ ಪ್ರತಿಯೊಬ್ಬರಿಗೂ ಹೇಳಿರಬೇಕು.

ಮೂರನೆಯ ಹಂತ: ದಾರಿಯಲ್ಲಿ ಕೈಕೊಡುವ ಭಾಗಗಳು

ಮೊದಲ ಎರಡು ಹಂತಗಳು ಮುಗಿದ ಮೇಲೆ ಉಳಿದವನ್ನು ಒಂದೊಂದಾಗಿ ಎತ್ತಿಕೊಳ್ಳಬಹುದು. ಏರ್ ಫಿಲ್ಟರನ್ನು ಧೂಳಿನ ಹಂಗಾಮಿನಲ್ಲಿ ಆಗಾಗ ತೆಗೆದು ನೋಡಬೇಕು; ಡೀಸೆಲ್ ಕಾರುಗಳಲ್ಲಿ ಡೀಸೆಲ್ ಫಿಲ್ಟರನ್ನು ಗಡುವಿಗೆ ಸರಿಯಾಗಿ ಬದಲಿಸುವುದು ಇನ್ನೂ ಮುಖ್ಯ. ಕಾಮನ್ ರೈಲ್ ಎಂಬ ಅತ್ಯಧಿಕ ಒತ್ತಡದ ಇಂಧನ ವ್ಯವಸ್ಥೆಯ ಪಂಪು ಮತ್ತು ಇಂಜೆಕ್ಟರುಗಳಿಗೆ ನೀರಿನ ಅಂಶವೂ ಕಣಗಳೂ ದೊಡ್ಡ ಶತ್ರುಗಳು, ಅವುಗಳ ಬೆಲೆಯೋ ಫಿಲ್ಟರಿಗಿಂತ ಎಷ್ಟೋ ಪಟ್ಟು ಹೆಚ್ಚು. ಪೆಟ್ರೋಲ್ ಕಾರುಗಳಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು, ಗಡುವು ಮೀರಿದ್ದರೆ ಗೇರ್ ಆಯಿಲನ್ನು ಇದೇ ಹಂತದಲ್ಲಿ ಬದಲಿಸಬೇಕು.

ಕ್ಲಚ್ಚಿನ ಪರೀಕ್ಷೆಗೆ ಖರ್ಚಿಲ್ಲ. ಸಮತಟ್ಟಾದ ಖಾಲಿ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೆಡಲನ್ನೂ ಒತ್ತಿ ಹಿಡಿದು, ಮೂರನೇ ಗೇರಿಗೆ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಟ್ಟಾಗ ಇಂಜಿನ್ ಕೂಡಲೇ ನಿಂತುಹೋದರೆ ಕ್ಲಚ್ ಪ್ಲೇಟ್ ಹಿಡಿಯುತ್ತಿದೆ. ನಿಲ್ಲದೆ ಓಡುತ್ತಲೇ ಇದ್ದರೆ ಜಾರುತ್ತಿದೆ. ಬದಲಿಸುವಾಗ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸುವುದು ಕೂಲಿಯ ದೃಷ್ಟಿಯಿಂದ ಲಾಭಕರ. ಆಕ್ಸೆಲ್ಲಿನ ತುದಿಯಲ್ಲಿರುವ ರಬ್ಬರ್ ಬೂಟ್ ಹರಿದದ್ದನ್ನು ಬೇಗ ಗಮನಿಸಿದರೆ ಬೂಟು ಮತ್ತು ಗ್ರೀಸಿನ ಖರ್ಚಿನಲ್ಲಿ ಮುಗಿಯುತ್ತದೆ, ಬಿಟ್ಟರೆ ಮಣ್ಣು ಒಳಸೇರಿ ಇಡೀ ಜಾಯಿಂಟ್ ಹೋಗುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಬರುವ ಟಕಟಕ ಸದ್ದು ಇದರ ಗುರುತು.

ಬ್ಯಾಟರಿಯನ್ನು ಬದಲಿಸುವ ಮುನ್ನ ವೋಲ್ಟೇಜ್ ಅಳೆಸಬೇಕು. ರಾತ್ರಿಯಿಡೀ ನಿಂತ ಕಾರಿನ ಚೆನ್ನಾಗಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರ ಆಸುಪಾಸು ಬರದಿದ್ದರೆ ದೋಷ ಆಲ್ಟರ್ನೇಟರಿನಲ್ಲಿ ಇರಬಹುದು. ಕಬ್ಬಿನ ಗದ್ದೆಯ ಬಳಿಯ ಮನೆಗಳಲ್ಲಿ ಇಲಿಗಳ ಕಾಟ ಬೇರೆ ಸೇರುತ್ತದೆ. ಬೆಚ್ಚಗಿನ ಬಾನೆಟ್ಟಿನ ಒಳಗೆ ಸೇರಿ ಅವು ವೈರಿಂಗ್ ಕಡಿಯುವುದು, ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಗೂಡು ಕಟ್ಟುವುದು ಉಂಟು. ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡುವುದು, ಕಾರನ್ನು ದವಸ ಮತ್ತು ಹುಲ್ಲಿನ ರಾಶಿಯಿಂದ ದೂರ ನಿಲ್ಲಿಸುವುದು ಸರಳವಾದ ರಕ್ಷಣೆ.

ಗ್ಯಾರೇಜು, ಬಿಡಿಭಾಗ ಮತ್ತು ಬಿಲ್ಲು

ಅಧಿಕೃತ ಕೇಂದ್ರವೋ ಪರಿಚಯದ ಮೆಕ್ಯಾನಿಕ್ಕೋ ಎಂಬ ಆಯ್ಕೆಯನ್ನು ಕೆಲಸದ ಬಗೆಗೆ ತಕ್ಕಂತೆ ಮಾಡಿಕೊಳ್ಳಬಹುದು. ಟೈಮಿಂಗ್, ಇಂಜೆಕ್ಟರ್, ಎಬಿಎಸ್ ಕೆಲಸಗಳಿಗೆ ಆ ಇಂಜಿನ್ನಿನ ವಿಶೇಷ ಉಪಕರಣ ಮತ್ತು ಸ್ಕ್ಯಾನರ್ ಇರುವ ಗ್ಯಾರೇಜೇ ಬೇಕು. ಆಯಿಲ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್‌ಗಳ ಕೆಲಸವನ್ನು ಅನುಭವಿ ಮೆಕ್ಯಾನಿಕ್ ಊರಿನಲ್ಲಿಯೇ ಮಾಡಬಲ್ಲರು. ಬಿಡಿಭಾಗಗಳಲ್ಲಿ ಕಾರು ಕಂಪನಿಯ ಮುದ್ರೆಯ ಒರಿಜಿನಲ್, ಆ ಕಂಪನಿಗೇ ಪೂರೈಸುವ ತಯಾರಕರು ತಮ್ಮ ಹೆಸರಿನಲ್ಲಿ ಮಾರುವ ಭಾಗ, ಮತ್ತು ಡುಪ್ಲಿಕೇಟ್ ಎಂಬ ಮೂರು ಬಗೆಗಳಿವೆ. ಎರಡನೆಯ ಬಗೆ ಅನೇಕ ಸಲ ಕಡಿಮೆ ಬೆಲೆಗೆ ಸಮಾನ ಗುಣಮಟ್ಟ ಕೊಡುತ್ತದೆ. ಮೂರನೆಯದನ್ನು ಬ್ರೇಕ್, ಸ್ಟಿಯರಿಂಗ್, ಬೆಲ್ಟ್, ಫಿಲ್ಟರುಗಳಲ್ಲಿ ಎಂದಿಗೂ ಬಳಸಬಾರದು. ಕೆಲಸ ಒಪ್ಪಿಸುವಾಗ ಅಂದಾಜನ್ನು ಬರೆಸಿಕೊಂಡು, ತೆಗೆದ ಹಳೆಯ ಭಾಗಗಳನ್ನು ತೋರಿಸುವಂತೆ ಕೇಳಿ, ಬಿಲ್ಲಿನ ಮೇಲೆ ಕಿಲೋಮೀಟರ್ ಬರೆಸುವುದು ಮಾಲೀಕರ ಹಕ್ಕು. ಒಮ್ಮೆಗೆ ಒಂದೇ ಗುಂಪಿನ ಕೆಲಸ ಮಾಡಿಸಿ ನಡುವೆ ಕೆಲವು ದಿನ ಓಡಿಸಿ ನೋಡಿದರೆ, ಹೊಸ ತೊಂದರೆ ತಲೆದೋರಿದಾಗ ಅದು ಯಾವ ಕೆಲಸದಿಂದ ಬಂದದ್ದೆಂದು ಗುರುತಿಸುವುದು ಸುಲಭ.

ಎಷ್ಟರವರೆಗೆ ಹಣ ಹಾಕಬೇಕು

ತಪಾಸಣೆಯ ಪಟ್ಟಿಗೆ ಬೆಲೆ ಕಟ್ಟಿದಾಗ ಮೊದಲ ಎರಡು ಹಂತಗಳ ಖರ್ಚೇ ಕಾರಿನ ಮಾರುಕಟ್ಟೆ ಬೆಲೆಯ ಅರ್ಧವನ್ನು ಮೀರುವಂತಿದ್ದರೆ, ಮುಂದುವರಿಯುವ ಮುನ್ನ ಎರಡು ಸಲ ಯೋಚಿಸಬೇಕು. ಈ ಲೆಕ್ಕಕ್ಕೆ ಕಾಗದಪತ್ರಗಳನ್ನೂ ಸೇರಿಸಬೇಕಾಗುತ್ತದೆ. ಖಾಸಗಿ ಕಾರಿನ ನೋಂದಣಿ ಪತ್ರಕ್ಕೆ 15 ವರ್ಷಗಳ ಅವಧಿಯಿದ್ದು, ನಂತರ ವಾಹನವನ್ನು ಆರ್‌ಟಿಒ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಕಾರುಗಳ ನವೀಕರಣ ಶುಲ್ಕವನ್ನು 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿಸಲಾಯಿತು. ಇದರ ಜೊತೆಗೆ ಹಸಿರು ತೆರಿಗೆ, ವಿಮೆ, ಮಾಲಿನ್ಯ ತಪಾಸಣಾ ಪತ್ರಗಳ ಖರ್ಚುಗಳೂ ಇವೆ. ಬಿಎಸ್-4 ಮತ್ತು ಅದರ ನಂತರದ ಮಾನದಂಡದ ಕಾರುಗಳಿಗೆ ಮಾಲಿನ್ಯ ಪತ್ರದ ಅವಧಿ 12 ತಿಂಗಳು, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳು. ಹದಿನಾಲ್ಕು ವರ್ಷ ತುಂಬಿದ ಕಾರಿಗೆ ದೊಡ್ಡ ಮೊತ್ತ ಹಾಕುವವರು ಮರುವರ್ಷ ಎದುರಾಗುವ ಈ ನವೀಕರಣವನ್ನು ಇಂದೇ ಎಣಿಸಿರಬೇಕು. ಕೊಳ್ಳುವ ಹಂತದಲ್ಲಿಯೇ ಇರುವವರು ಸಾಲದ ಬಾಕಿ, ದಂಡದ ಬಾಕಿ, ಟ್ಯಾಕ್ಸಿಯಿಂದ ಖಾಸಗಿಗೆ ಬದಲಾದದ್ದು ಅಧಿಕೃತವಾಗಿ ದಾಖಲಾಗಿದೆಯೇ ಎಂಬುದನ್ನು ನೋಂದಣಿ ಪತ್ರದಲ್ಲಿ ಮತ್ತು ಎಂ-ಪರಿವಾಹನ್ ಆ್ಯಪಿನಲ್ಲಿ ನೋಡಿಕೊಂಡು, ಹಣ ಕೊಟ್ಟ ಕೂಡಲೇ ಮಾಲೀಕತ್ವದ ವರ್ಗಾವಣೆಗೆ ಮಂಡ್ಯದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಅರ್ಜಿ ಹಾಕಬೇಕು.

ಬಾಡಿ, ಚಾಸಿಯ ಭಾಗಗಳಲ್ಲಿ ಆಳವಾದ ತುಕ್ಕು, ದೊಡ್ಡ ಅಪಘಾತದಲ್ಲಿ ಬಾಗಿದ ಚೌಕಟ್ಟು, ಪದೇ ಪದೇ ಬಿಸಿಯಾಗಿ ಹೆಡ್ ಬಾಗಿದ ಇಂಜಿನ್ ಇವು ಕಂಡುಬಂದ ಕಾರಿಗೆ ಹಂತಹಂತದ ದುರಸ್ತಿ ಪರಿಹಾರವಾಗಲಾರದು. ಉಳಿದಂತೆ, ಇಂಜಿನ್ನಿನ ಕಂಪ್ರೆಷನ್ ಸರಿಯಿದ್ದು, ಚೌಕಟ್ಟು ನೆಟ್ಟಗಿದ್ದು, ಬಿಡಿಭಾಗಗಳು ಮಂಡ್ಯದಲ್ಲಿಯೋ ಮೈಸೂರಿನಲ್ಲಿಯೋ ಸಿಗುವಂತಿದ್ದರೆ ಒಂದೂವರೆ ಲಕ್ಷ ಕಿ.ಮೀ. ಓಡಿದ ಕಾರು ಇನ್ನೂ ಹಲವು ವರ್ಷ ಕುಟುಂಬಕ್ಕೆ ವಿಶ್ವಾಸದಿಂದ ದುಡಿಯಬಲ್ಲದು.

ಬಾಕಿ ತೀರಿದ ಮೇಲಿನ ವೇಳಾಪಟ್ಟಿ

ಒಮ್ಮೆ ತೀರಿಸಿದ ಬಾಕಿ ಮತ್ತೆ ಬೆಳೆಯದಂತೆ ನೋಡಿಕೊಳ್ಳಲು ಕಿಲೋಮೀಟರಿನ ಲೆಕ್ಕದ ಜೊತೆಗೆ ಊರಿನ ವರ್ಷಚಕ್ರಕ್ಕೆ ಹೊಂದಿಸಿದ ವೇಳಾಪಟ್ಟಿ ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ. ಶಿವರಾತ್ರಿಯ ಹೊತ್ತಿಗೆ, ಬಿಸಿಲು ಏರುವ ಮುನ್ನ, ಕೂಲಂಟ್ ಮಟ್ಟ, ಹೋಸು, ಫ್ಯಾನ್, ಎ.ಸಿ.ಗಳನ್ನೂ, ಮೇ ತಿಂಗಳಲ್ಲಿ ಮಳೆಗೆ ಮುಂಚೆ ಟೈರ್, ವೈಪರ್, ದೀಪ, ಬ್ರೇಕುಗಳನ್ನೂ ನೋಡಿಸಬೇಕು. ಎಲ್ಲರ ಮನೆಯಲ್ಲಿಯೂ ವಾಹನ ತೊಳೆದು ಪೂಜಿಸುವ ಆಯುಧಪೂಜೆಗೆ ಒಂದು ವಾರ ಮುನ್ನ ಕಾರನ್ನು ಲಿಫ್ಟಿಗೆ ಏರಿಸಿ ಅಡಿಭಾಗದ ಪೂರ್ಣ ತಪಾಸಣೆ ಮಾಡಿಸುವುದು, ಸುಗ್ಗಿ ಮುಗಿದ ಮೇಲೆ ಏರ್ ಫಿಲ್ಟರ್ ಬದಲಿಸಿ ಅಡಿಯಲ್ಲಿ ಸಿಕ್ಕಿಕೊಂಡ ಹುಲ್ಲನ್ನು ತೆಗೆಸುವುದು ಒಳ್ಳೆಯ ಕ್ರಮ. ಪ್ರತಿ ತಿಂಗಳೂ ಮನೆಖರ್ಚಿನ ಲೆಕ್ಕದಲ್ಲಿ ಪೆಟ್ರೋಲು, ಡೀಸೆಲ್ಲಿನ ಪಕ್ಕದಲ್ಲಿಯೇ ದುರಸ್ತಿಗೆಂದು ಒಂದು ಮೊತ್ತವನ್ನು ಬೇರೆ ತೆಗೆದಿಟ್ಟರೆ, ಕಬ್ಬಿನ ಹಣ ತಡವಾದ ವರ್ಷದಲ್ಲಿಯೂ ಬ್ರೇಕಿನ ಕೆಲಸ ನಿಲ್ಲುವುದಿಲ್ಲ. ಹಳೆಯ ಕಾರನ್ನು ನೆಚ್ಚಿಕೊಂಡ ಕುಟುಂಬ ಮಾಡಬೇಕಾದ ಮೊದಲ ವ್ಯವಸ್ಥೆ ಇದೇ.